ಕರೆಂಟ್ ಹೋಗಿರಲಿಲ್ಲ

ಸಂಪಾದಕರಿಗೆ ನಮಸ್ಕಾರ.

ಕಳೆದ ವಾರ ನಿಮ್ಮ ಪತ್ರಿಕೆಯ ಜಿಲ್ಲಾ ಪುಟದಲ್ಲಿ ಮೂರು ಕಾಲಂ ಸುದ್ದಿಯೊಂದು ಬಂದಿತ್ತು. ಅಭಿವ್ಯಕ್ತಿ ಸ್ವಾತಂತ್ರ್ಯದ ಬಗ್ಗೆ ನಮ್ಮ ಕಡೆಯ ಹಿರಿಯರೊಬ್ಬರು ಮಾಡಿದ ಭಾಷಣದ ವರದಿ. ಜೊತೆಗೆ ಫೋಟೊ. ಬಲಗೈ ಮೇಲೆತ್ತಿದ್ದಾರೆ, ಬಾಯಿ ತೆರೆದಿದೆ, ಎದುರಿಗೆ ಮೈಕ್ ಇದೆ. ಆ ಮೈಕ್ ನನ್ನದು. ಅದರ ಕುತ್ತಿಗೆಗೆ ಕಪ್ಪು ಟೇಪ್ ಸುತ್ತಿರುವುದು ಫೋಟೊದಲ್ಲಿಯೂ ಕಾಣುತ್ತದೆ. ಮೂರು ವರ್ಷದ ಹಿಂದೆ ಒಂದು ಮದುವೆಯಲ್ಲಿ ವರನ ಸೋದರಮಾವ ಹಾಡುತ್ತೇನೆಂದು ಎದ್ದು ಬಂದು ಕೆಡವಿದ ಗುರುತು ಅದು.

ನಾನು ವಿಜಯಪುರದಲ್ಲಿ ಇಪ್ಪತ್ತೊಂಬತ್ತು ವರ್ಷಗಳಿಂದ ಮೈಕ್ ಸೆಟ್ ಬಾಡಿಗೆಗೆ ಕೊಡುತ್ತಿದ್ದೇನೆ. ಜಾತ್ರೆ, ಮದುವೆ, ಪುರಾಣ ಪ್ರವಚನ, ಚುನಾವಣೆ, ಶ್ರದ್ಧಾಂಜಲಿ, ಪುಸ್ತಕ ಬಿಡುಗಡೆ, ಯಾವುದೂ ಬಿಟ್ಟಿಲ್ಲ. ಹೊರಗಿನವರು ವಿಜಯಪುರದ ಮೈಕಿನವನು ಎಂದೊಡನೆ ಗೋಳಗುಮ್ಮಟದ ಮಾತು ತೆಗೆಯುತ್ತಾರೆ. ಒಂದು ಸಲ ಕೂಗಿದರೆ ಏಳು ಸಲ ಕೇಳಿಸುವ ಆ ಗುಮ್ಮಟಕ್ಕೂ ನನಗೂ ಆಗಿಬರುವುದಿಲ್ಲ. ನನ್ನ ಕಸುಬಿನಲ್ಲಿ ಪ್ರತಿಧ್ವನಿ ಎಂದರೆ ಗಿರಾಕಿಯ ಬೈಗುಳ. ಭಾಷಣ ಕೇಳುವುದು ಮಾತ್ರ ನನ್ನ ಹಣೆಬರಹ. ಬೇಸರವಾದರೆ ಸಭಿಕರು ಎದ್ದು ಹೋಗಬಹುದು, ನಾನು ವಂದನಾರ್ಪಣೆ ಮುಗಿಯುವವರೆಗೆ ಕೂತಿರಬೇಕು. ನನ್ನ ಬಿಲ್ ಪುಸ್ತಕಗಳನ್ನು ತೆರೆದರೆ ಯಾವ ತಾರೀಖು, ಯಾವ ಊರು, ಎಷ್ಟು ಹಾರ್ನ್, ಎಷ್ಟು ತಾಸು ಎಂಬುದೆಲ್ಲ ಸಿಗುತ್ತದೆ. ಯಾರು ಏನು ಮಾತನಾಡಿದರು ಎಂಬುದು ಅದರಲ್ಲಿಲ್ಲ. ಆದರೆ ಬಿಲ್ ನೋಡಿದರೆ ಅದೂ ನೆನಪಾಗುತ್ತದೆ.

ಮೊನ್ನೆಯ ಸಭೆಯಲ್ಲಿ ಆ ಹಿರಿಯರು ಆಡಿದ ಮಾತುಗಳಲ್ಲಿ ಒಂದನ್ನು ನೀವು ತಲೆಬರಹ ಮಾಡಿದ್ದೀರಿ. ಯಾರ ಬಾಯಿಯನ್ನೂ ಮುಚ್ಚಿಸುವ ಹಕ್ಕು ಯಾರಿಗೂ ಇಲ್ಲ ಎಂಬುದು ಆ ಮಾತು. ಒಳ್ಳೆಯ ತಲೆಬರಹ. ವರದಿಗಾರರು ಬಿಟ್ಟ ಇನ್ನೊಂದು ವಾಕ್ಯವಿತ್ತು. 'ನಾನಂತೂ ಜೀವಮಾನದಲ್ಲಿ ಯಾರನ್ನೂ ಮಾತನಾಡದಂತೆ ತಡೆದವನಲ್ಲ' ಎಂದರು. ಆಗ ನನ್ನ ಬೆರಳು ಮಿಕ್ಸರಿನ ಮೇಲಿತ್ತು. ಅವರ ದನಿ ಸ್ವಲ್ಪ ಕೀರಲು, ಅದಕ್ಕೆ ಟ್ರೆಬಲ್ ಎರಡು ಗೆರೆ ಇಳಿಸಿದೆ. ಬೇರೇನೂ ಮಾಡಲಿಲ್ಲ. ಚಪ್ಪಾಳೆ ಜೋರಾಗಿಯೇ ಬಿತ್ತು.

ಹದಿನಾಲ್ಕು ತಿಂಗಳ ಹಿಂದಿನ ಒಂದು ಬಿಲ್ ನನ್ನ ಹತ್ತಿರ ಇದೆ. ಬಸವನ ಬಾಗೇವಾಡಿ ತಾಲ್ಲೂಕಿನ ಒಂದು ಹಳ್ಳಿ, ಜಾತ್ರೆಯ ಎರಡನೆಯ ದಿನ, ರಾತ್ರಿ ಕವಿಗೋಷ್ಠಿ. ನಾಲ್ಕು ಹಾರ್ನ್, ಎರಡು ಬಾಕ್ಸ್, ಮೂರು ಮೈಕ್. ಬಾಡಿಗೆ 4,500 ರೂಪಾಯಿ, ಮುಂಗಡ 1,000. ಸ್ವಾಗತ ಸಮಿತಿಯ ಅಧ್ಯಕ್ಷರು ಇದೇ ಹಿರಿಯರು.

ಎಂಟು ಜನ ಕವಿಗಳಿದ್ದರು. ಆರನೆಯವನು ಕಾಲೇಜಿನ ಹುಡುಗ, ಮುಳುಗಡೆ ಊರಿನವನು. ಈ ಭಾಗದ ಓದುಗರಿಗೆ ಮುಳುಗಡೆ ಎಂದರೆ ಏನೆಂದು ಹೇಳಬೇಕಾಗಿಲ್ಲ. ಬೇರೆ ಕಡೆಯವರಿಗಾಗಿ ಒಂದು ಮಾತು: ಆಲಮಟ್ಟಿ ಜಲಾಶಯದಲ್ಲಿ 519.60 ಮೀಟರ್‌ವರೆಗೆ ನೀರು ನಿಲ್ಲಿಸಲು ಹೊಲ ಮನೆ ಬಿಟ್ಟವರ ಮಕ್ಕಳು ಈಗ ಪುನರ್ವಸತಿ ಕೇಂದ್ರಗಳಲ್ಲಿ ಬೆಳೆದು ಕಾಲೇಜಿಗೆ ಹೋಗುತ್ತಿದ್ದಾರೆ. 524.256 ಮೀಟರ್‌ಗೆ ಏರಿಸಲು ಕೃಷ್ಣಾ ನದಿ ನೀರಿನ ನ್ಯಾಯಮಂಡಳಿ 2010ರಲ್ಲಿ ಒಪ್ಪಿದ ಮೇಲೆ ಇನ್ನಷ್ಟು ಊರುಗಳು ಪರಿಹಾರದ ಲೆಕ್ಕ ಹಾಕುತ್ತ ಕೂತಿವೆ. ಹುಡುಗನ ಕವಿತೆ ಅವನ ಅಜ್ಜಿಯ ಹೆಬ್ಬೆಟ್ಟಿನ ಮೇಲೆ. ಹೆಬ್ಬೆಟ್ಟು ಒತ್ತಿಸಿಕೊಂಡದ್ದು ಐದು ಕಡೆ, ನೀರು ನುಗ್ಗಿದ್ದು ಒಂದೇ ಕಡೆ ಎಂದು ಶುರುವಾಯಿತು. ಜನ ತಲೆದೂಗಿದರು. ಆಮೇಲೆ ಪರಿಹಾರದ ಚೆಕ್ಕು ಯಾರ ಯಾರ ಕೈ ಹಾದು ಬಂತು, ಪ್ರತಿಯೊಂದು ಕೈಯಲ್ಲಿ ಎಷ್ಟೆಷ್ಟು ಅಂಟಿಕೊಂಡಿತು ಎಂಬ ಭಾಗ ಬಂತು. ಹೆಸರು ಹೇಳಲಿಲ್ಲ. ಆದರೆ ಒಂದು ಕೈಗೆ ಹಸಿರು ಕಲ್ಲಿನ ಉಂಗುರವಿತ್ತು ಎಂದ. ಮುಂದಿನ ಸಾಲಿನಲ್ಲಿ ಹಸಿರು ಕಲ್ಲಿನ ಉಂಗುರದವರು ಒಬ್ಬರು ಕೂತಿದ್ದರು, ಅಧ್ಯಕ್ಷರ ಬೀಗರು.

ಅಧ್ಯಕ್ಷರು ನನ್ನ ಕಡೆ ತಿರುಗಿ ಅಂಗೈಯನ್ನು ನೆಲದ ಕಡೆ ಮಾಡಿ ಒತ್ತಿದರು. ಈ ಸನ್ನೆಗೆ ನಮ್ಮಲ್ಲಿ ದನಿ ಇಳಿಸು ಎಂಬ ಅರ್ಥವೂ ಇದೆ. ನಾನು ಸ್ವಲ್ಪ ಇಳಿಸಿದೆ. ಅವರು ಮತ್ತೊಮ್ಮೆ ಒತ್ತಿದರು, ಈ ಸಲ ಹುಬ್ಬು ಗಂಟಿಕ್ಕಿತ್ತು. ನಾನು ಗುಂಡಿಯನ್ನು ಪೂರ್ತಿ ಕೆಳಗೆ ಎಳೆದೆ.

ಹುಡುಗ ಮೈಕನ್ನು ಎರಡು ಸಲ ತಟ್ಟಿದ. ಊದಿದ. ನನ್ನ ಕಡೆ ನೋಡಿದ. ನಿರೂಪಕರು ಎದ್ದು ನಿಂತು, ವಿದ್ಯುತ್ ವ್ಯತ್ಯಯವಾಗಿದೆ, ಸಭಿಕರು ಸಹಕರಿಸಬೇಕು ಎಂದು ಕೂಗಿ ಹೇಳಿದರು. ವೇದಿಕೆಯ ಮೇಲೆ ಟ್ಯೂಬ್‌ಲೈಟ್ ಉರಿಯುತ್ತಿದ್ದವು. ಅಧ್ಯಕ್ಷರ ಪಕ್ಕದ ಫ್ಯಾನ್ ಅತ್ತಿಂದಿತ್ತ ಕತ್ತು ತಿರುಗಿಸುತ್ತ ಅವರ ಶಾಲಿನ ಅಂಚನ್ನು ಹಾರಿಸುತ್ತಿತ್ತು. ಎಲ್ಲರಿಗೂ ಕಾಣುತ್ತಿತ್ತು, ಯಾರೂ ಏನೂ ಅನ್ನಲಿಲ್ಲ. ಹುಡುಗ ಮೈಕಿಲ್ಲದೆಯೇ ಓದಿ ಮುಗಿಸಿದ. ಮೊದಲ ಎರಡು ಸಾಲಿನವರಿಗೆ ಕೇಳಿಸಿರಬೇಕು. ಹಿಂದೆ ಕೂತ ಹೆಂಗಸರಿಗೆ ಅವನ ತುಟಿ ಅಲುಗುವುದಷ್ಟೇ ಕಂಡಿತು. ಏಳನೆಯ ಕವಿ ಎದ್ದಾಗ ಕರೆಂಟ್ 'ಬಂತು'.

ರಾತ್ರಿ ಹನ್ನೊಂದಕ್ಕೆ ನಾನು ವೈರ್ ಸುತ್ತುತ್ತಿದ್ದೆ. ಹುಡುಗ ಬಂದು ಕೇಳಿದ: 'ಕಾಕಾ, ಕರೆಂಟ್ ಹೋಗಿತ್ತೇನು?' ದೀಪ ಉರಿಯುತ್ತಿದ್ದುದು ಅವನಿಗೂ ಗೊತ್ತು. ನನಗೆ ಕಸುಬಿನ ಮಾತು ನಾಲಿಗೆಯ ತುದಿಯಲ್ಲೇ ಇರುತ್ತದೆ. 'ಹೌದು ತಮ್ಮಾ, ಒಂದು ಫೇಜ್ ಹೋಗಿತ್ತು' ಎಂದೆ. ಮೂರು ಫೇಜಿನಲ್ಲಿ ಒಂದು ಹೋದರೆ ದೀಪ ಉರಿದು ಮೈಕ್ ನಿಲ್ಲುವುದು ಸಾಧ್ಯವಿದೆ. ನಂಬಲಿಕ್ಕೆ ಅಡ್ಡಿಯಿಲ್ಲದ ಸುಳ್ಳು. ಅವನು ನಂಬಿದ. ನಂಬಿ, ವೈರಿನ ಇನ್ನೊಂದು ತುದಿ ಹಿಡಿದು ನನ್ನ ಜೊತೆ ಅರ್ಧ ತಾಸು ಸುತ್ತಿಸಿದ.

ಆ ದಿನದ ಬಿಲ್ಲಿನಲ್ಲಿ ಒಂದು ರೂಪಾಯಿಯೂ ಕಡಿತವಾಗಿಲ್ಲ. ಕಾರ್ಯಕ್ರಮದ ನಡುವೆ ಮೈಕ್ ಕೈಕೊಟ್ಟರೆ ಐನೂರು ಸಾವಿರ ಹಿಡಿದುಕೊಳ್ಳದ ಸಮಿತಿಯನ್ನು ಈ ಇಪ್ಪತ್ತೊಂಬತ್ತು ವರ್ಷಗಳಲ್ಲಿ ನಾನು ನೋಡಿಲ್ಲ. ಅಂದು ಪೂರ್ತಿ ಕೊಟ್ಟರು, ಮೇಲೆ ಊಟಕ್ಕೂ ಕೂರಿಸಿದರು. ಬೇರೆ ಸಾಕ್ಷಿ ಬೇಡ.

ಆ ಹಿರಿಯರ ಹೆಸರನ್ನಾಗಲಿ ಹಳ್ಳಿಯ ಹೆಸರನ್ನಾಗಲಿ ಬರೆಯುವುದಿಲ್ಲ. ಅಂಜಿಕೆಯೂ ಇದೆ, ಸುಳ್ಳೇಕೆ ಹೇಳಲಿ. ಜಾತ್ರೆಯ ಬಾಡಿಗೆಯಲ್ಲಿ ನನ್ನ ಮನೆ ನಡೆಯುತ್ತದೆ. ಅದಕ್ಕಿಂತ ದೊಡ್ಡ ಕಾರಣ, ಹೆಸರು ಬರೆದರೆ ಓದುವವರು ಮೊದಲು ಅವರ ಪಕ್ಷ ಯಾವುದು, ಮಠ ಯಾವುದು, ಒಳಪಂಗಡ ಯಾವುದು ಎಂದು ಹುಡುಕಿ ಆಮೇಲೆ ತೀರ್ಪು ಕೊಡುತ್ತಾರೆ. ತಮ್ಮವರಾದರೆ 'ಸಂದರ್ಭ ಹಾಗಿತ್ತು' ಎನ್ನುತ್ತಾರೆ, ಆಚೆಯವರಾದರೆ 'ನೋಡಿ ಇವರ ಬಣ್ಣ' ಎನ್ನುತ್ತಾರೆ. ಹೆಸರು ಗೊತ್ತಿಲ್ಲದೆ ಒಮ್ಮೆ ಯೋಚಿಸಿ ನೋಡಲಿ.

ನನ್ನ ತಕರಾರು ಅವರು ಹುಡುಗನನ್ನು ತಡೆದರು ಎಂಬುದೊಂದೇ ಅಲ್ಲ. ತಡೆಯಲು ಅವರಿಗೆ ಕಾರಣವಿದ್ದಿರಬಹುದು. ಜಾತ್ರೆ, ರಾತ್ರಿ ಹೊತ್ತು, ಎರಡೂ ಮನೆತನದವರು ಎದುರುಬದುರು ಕೂತಿದ್ದಾರೆ, ಒಂದು ಮಾತಿಗೆ ಕಲ್ಲು ಬೀಳಬಹುದು ಎಂದು ಅನ್ನಿಸಿರಬಹುದು. ಕವಿತೆಯಲ್ಲಿದ್ದ ಆರೋಪ ಸುಳ್ಳೇ ಇರಬಹುದು. ಎದ್ದು ನಿಂತು, 'ತಮ್ಮಾ, ಇಷ್ಟಕ್ಕೆ ನಿಲ್ಲಿಸು, ನಾನು ನಿಲ್ಲಿಸುತ್ತಿದ್ದೇನೆ, ಕಾರಣ ಇದು' ಎಂದಿದ್ದರೆ ಅದು ತಡೆಯೇ ಆಗುತ್ತಿತ್ತು. ಆದರೆ ಆ ತಡೆಗೆ ಒಬ್ಬ ವಾರಸುದಾರ ಇರುತ್ತಿದ್ದ. ಹುಡುಗ ಅವರನ್ನು ಕೇಳಬಹುದಿತ್ತು. ಸಭೆಯಲ್ಲಿ ನಾಲ್ಕು ಜನ ಹೌದು, ನಾಲ್ಕು ಜನ ಅಲ್ಲ ಎನ್ನಬಹುದಿತ್ತು. ನಡೆದದ್ದು ಬೇರೆ. ತಡೆದವರು ಯಾರೂ ಇಲ್ಲ, ಕರೆಂಟ್ ಹೋಯಿತು ಅಷ್ಟೇ. ಹದಿನಾಲ್ಕು ತಿಂಗಳಾದ ಮೇಲೆ ಅದೇ ಸುಳ್ಳಿನ ಮೇಲೆ ನಿಂತು, ನಾನು ಯಾರನ್ನೂ ತಡೆದವನಲ್ಲ ಎಂದು ಹೇಳಲು ಬಂತು. ಹೇಳುವಾಗ ಅವರ ದನಿ ನಡುಗಲಿಲ್ಲ. ಪ್ರಾಯಶಃ ಅವರೂ ಅದನ್ನು ನಂಬಿದ್ದಾರೆ.

ಈ ಕರೆಂಟಿನ ಕಥೆ ನನ್ನೊಬ್ಬನದಲ್ಲ. 1975ರ ಜೂನ್ 25ರ ರಾತ್ರಿ ದಿಲ್ಲಿಯ ಬಹಾದ್ದೂರ್ ಷಾ ಜಫರ್ ಮಾರ್ಗದಲ್ಲಿದ್ದ ಪತ್ರಿಕೆಗಳ ಮುದ್ರಣಾಲಯಗಳಿಗೆ ವಿದ್ಯುತ್ ನಿಲ್ಲಿಸಲಾಯಿತು. ತುರ್ತು ಪರಿಸ್ಥಿತಿಯ ಸುದ್ದಿ ಬೆಳಿಗ್ಗೆ ಜನರ ಕೈಗೆ ಸಿಗಬಾರದಿತ್ತು. ಸೆನ್ಸಾರ್ ಕಚೇರಿ, ನಿಯಮಾವಳಿ, ಮುದ್ರೆ ಎಲ್ಲ ಆಮೇಲೆ ಬಂದವು, ಮೊದಲು ಹೋದದ್ದು ಕರೆಂಟು. ತುರ್ತು ಪರಿಸ್ಥಿತಿಯನ್ನು ಆಮೇಲೆ ತನಿಖೆ ಮಾಡಿದ ಶಾ ಆಯೋಗದ ವಿಚಾರಣೆಯಲ್ಲಿ ಹೊರಬಿದ್ದಂತೆ ಆ ಆದೇಶವೂ ಬಾಯಿಮಾತಿನದು. ಇದನ್ನು ನಾನು ಒಂದು ಕಾರ್ಯಕ್ರಮದಲ್ಲಿ ಮೈಕಿನ ಹಿಂದೆ ಕೂತೇ ಕೇಳಿದೆ. ಕೇಳಿದಾಗ ಬೆನ್ನಿನಲ್ಲಿ ತಣ್ಣಗಾಯಿತು. ಗುಂಡಿ ಎಳೆದ ಆ ದಿಲ್ಲಿಯ ಲೈನ್‌ಮನ್ ಯಾರೋ, ಅವನು ಮನೆಗೆ ಹೋಗಿ ಹೆಂಡತಿಗೆ ಏನು ಹೇಳಿದನೋ.

ಮುಂದೆ ಇಂಡಿಯನ್ ಎಕ್ಸ್‌ಪ್ರೆಸ್ ಪತ್ರಿಕೆ ಸಂಪಾದಕೀಯದ ಜಾಗವನ್ನು ಖಾಲಿ ಬಿಟ್ಟು ಅಚ್ಚು ಹಾಕಿತು. ಖಾಲಿ ಬಿಡುವುದಕ್ಕೂ ಸೆನ್ಸಾರಿನವರು ಆಕ್ಷೇಪ ಎತ್ತಿದರು. ಎತ್ತಲೇಬೇಕಿತ್ತು. ಇಲ್ಲಿ ಏನೋ ಇತ್ತು, ಯಾರೋ ತೆಗೆದರು ಎಂದು ಖಾಲಿ ಜಾಗ ಹೇಳುತ್ತದೆ. ತಡೆಯುವವರಿಗೆ ಮಾತು ನಿಂತರಷ್ಟೇ ಸಾಲದು, ನಿಂತ ಗುರುತೂ ಉಳಿಯಬಾರದು.

ಇದಕ್ಕೆ ಎದುರಾಗಿ ಬೆಳಗಾವಿಯ ಒಂದು ಪ್ರಸಂಗ ಹೇಳುತ್ತೇನೆ. 1916ರ ಮೇ 1ರಂದು ಲೋಕಮಾನ್ಯ ತಿಲಕರು ಬೆಳಗಾವಿಯಲ್ಲಿ ಹೋಮ್ ರೂಲ್ ಬಗ್ಗೆ ಮಾತನಾಡಿದರು. ಅದೊಂದು, ಆಮೇಲೆ ಅಹಮದ್‌ನಗರದಲ್ಲಿ ಎರಡು, ಹೀಗೆ ಮೂರು ಭಾಷಣಗಳನ್ನು ಹಿಡಿದು ಸರ್ಕಾರ ಪ್ರಕರಣ ಹೂಡಿತು. ಪುಣೆಯ ಜಿಲ್ಲಾ ಮ್ಯಾಜಿಸ್ಟ್ರೇಟರು 20,000 ರೂಪಾಯಿ ಮುಚ್ಚಳಿಕೆ, ಜೊತೆಗೆ ತಲಾ 10,000 ರೂಪಾಯಿಯ ಇಬ್ಬರು ಜಾಮೀನುದಾರರು, ಒಂದು ವರ್ಷ ಸನ್ನಡತೆ ಎಂದು ಆದೇಶ ಮಾಡಿದರು. ಆದೇಶಕ್ಕೆ ಸಹಿ ಇತ್ತು, ಕಲಮು ಇತ್ತು, ಯಾವ ಭಾಷಣ ಎಂಬುದು ಇತ್ತು. ಹಾಗಾಗಿಯೇ ತಿಲಕರು ಬಾಂಬೆ ಹೈಕೋರ್ಟಿಗೆ ಹೋಗಲು ಸಾಧ್ಯವಾಯಿತು, ಅದೇ ನವೆಂಬರಿನಲ್ಲಿ ಆದೇಶ ಬಿದ್ದುಹೋಯಿತು. ಬ್ರಿಟಿಷರನ್ನು ಹೊಗಳುತ್ತಿದ್ದೇನೆ ಎಂದು ಯಾರಾದರೂ ಪತ್ರ ಬರೆಯುವ ಮೊದಲೇ ಹೇಳುತ್ತೇನೆ, ನಾನು ಹೊಗಳುತ್ತಿಲ್ಲ. ಸಹಿ ಇರುವ ತಪ್ಪಿಗೆ ಮೇಲ್ಮನವಿ ಇದೆ, ನನ್ನ ಗುಂಡಿಯ ಮೇಲೆ ಯಾವ ಕೋರ್ಟಿಗೆ ಮೇಲ್ಮನವಿ ಹೋಗುತ್ತದೆ?

ಮೈಕ್ ಹಿಂದೆ ಕೂತು ಕೂತು ನನಗೊಂದು ಅಭ್ಯಾಸವಾಗಿದೆ. 'ನಾನು ಅಭಿವ್ಯಕ್ತಿ ಸ್ವಾತಂತ್ರ್ಯದ ಪರ, ಆದರೆ' ಎಂಬ ವಾಕ್ಯ ಬಂದಾಗ ಮೀಟರ್ ನೋಡುತ್ತೇನೆ. 'ಆದರೆ' ಎನ್ನುವಾಗ ಭಾಷಣಕಾರರು ಮೈಕಿಗೆ ಒಂದು ಗೇಣು ಹತ್ತಿರ ಬರುತ್ತಾರೆ, ಹಸಿರು ದೀಪ ಕೆಂಪಿಗೆ ಹಾರುತ್ತದೆ. ಆ 'ಆದರೆ' ಕೇಳಿದೊಡನೆ ನಗುವವರಿದ್ದಾರೆ. ನಾನು ನಗುವುದಿಲ್ಲ. ಸಂವಿಧಾನದಲ್ಲಿಯೇ ಒಂದು 'ಆದರೆ' ಇದೆ. ನನ್ನ ಮಗಳು ಕಾನೂನು ಓದುತ್ತಾಳೆ, ಅವಳ ಪುಸ್ತಕದಿಂದ ಓದಿಸಿಕೊಂಡು ಬರೆಯುತ್ತಿದ್ದೇನೆ. 19ನೆಯ ವಿಧಿಯ ಮೊದಲ ಖಂಡ ವಾಕ್ ಸ್ವಾತಂತ್ರ್ಯ ಕೊಡುತ್ತದೆ. ಎರಡನೆಯ ಖಂಡ ಅದಕ್ಕೆ ನ್ಯಾಯೋಚಿತ ನಿರ್ಬಂಧ ಹಾಕಬಹುದಾದ ಕಾರಣಗಳನ್ನು ಹೇಳುತ್ತದೆ: ದೇಶದ ಸಾರ್ವಭೌಮತೆ ಮತ್ತು ಅಖಂಡತೆ, ರಾಜ್ಯದ ಭದ್ರತೆ, ವಿದೇಶಗಳೊಡನೆ ಸ್ನೇಹ, ಸಾರ್ವಜನಿಕ ಸುವ್ಯವಸ್ಥೆ, ಸಭ್ಯತೆ ಅಥವಾ ನೀತಿ, ನ್ಯಾಯಾಲಯ ನಿಂದನೆ, ಮಾನಹಾನಿ, ಅಪರಾಧಕ್ಕೆ ಪ್ರಚೋದನೆ. ಎಂಟು. 'ನಮ್ಮ ಭಾವನೆಗೆ ಧಕ್ಕೆ' ಎಂಬುದು ಈ ಎಂಟರಲ್ಲಿಲ್ಲ. ಧಾರ್ಮಿಕ ಭಾವನೆ ಕೆರಳಿಸುವ ಅಪರಾಧ ಈಗಿನ ಭಾರತೀಯ ನ್ಯಾಯ ಸಂಹಿತೆಯಲ್ಲಿದೆ, ಅಲ್ಲಿಯೂ ಉದ್ದೇಶಪೂರ್ವಕ, ದುರುದ್ದೇಶದಿಂದ ಎಂಬ ಷರತ್ತು ಇದೆ. 'ಬೀಗರಿಗೆ ಮುಜುಗರ' ಎಲ್ಲಿಯೂ ಇಲ್ಲ. ನಿಮ್ಮ 'ಆದರೆ' ಈ ಎಂಟರಲ್ಲಿ ಯಾವುದು ಎಂದು ಭಾಷಣಕಾರರು ಹೇಳಿದರೆ ಸಾಕು, ಆಮೇಲೆ ಒಪ್ಪುವುದೋ ಬಿಡುವುದೋ ನಮ್ಮ ಪಾಲಿಗೆ ಬಿಟ್ಟದ್ದು. ಹೇಳದೆ 'ಇತಿಮಿತಿ ಇರಬೇಕಲ್ಲವೇ' ಎಂದು ಸಭೆಯ ಕಡೆ ನಗುತ್ತಾರಲ್ಲ, ಅಲ್ಲಿ ನನಗೆ ಸಂಶಯ ಬರುತ್ತದೆ.

ಸಂವಿಧಾನ ಬರೆದವರು ಪರಿಪೂರ್ಣ ಸ್ವಾತಂತ್ರ್ಯ ಕೊಟ್ಟಿದ್ದರು, ಇಂದಿನವರು ಕಸಿದುಕೊಂಡರು ಎಂದು ಹೇಳುವವರೂ ಅರ್ಧವನ್ನೇ ಹೇಳುತ್ತಾರೆ. ಮಗಳು ಹೇಳಿದ ಒಂದು ಜೋಡಿ ಪ್ರಕರಣ ನನ್ನ ತಲೆಯಲ್ಲಿ ಕೂತಿದೆ. 1950ರಲ್ಲಿ ಮದ್ರಾಸ್ ಸರ್ಕಾರ 'ಕ್ರಾಸ್ ರೋಡ್ಸ್' ಎಂಬ ಎಡಪಂಥೀಯ ಪತ್ರಿಕೆ ತನ್ನ ರಾಜ್ಯದೊಳಗೆ ಬರದಂತೆ ತಡೆಯಿತು. ದಿಲ್ಲಿಯಲ್ಲಿ ಬಲಪಂಥೀಯ 'ಆರ್ಗನೈಸರ್' ಪತ್ರಿಕೆಗೆ, ಅಚ್ಚಾಗುವ ಮೊದಲು ತೋರಿಸಬೇಕು ಎಂಬ ಆದೇಶವಾಯಿತು. ಎರಡೂ ಸುಪ್ರೀಂ ಕೋರ್ಟಿಗೆ ಹೋದವು. ಮೇ 26ರಂದು, ಒಂದೇ ದಿನ, ಎರಡೂ ಪತ್ರಿಕೆಗಳು ಗೆದ್ದವು. ಮಾರನೆಯ ವರ್ಷವೇ, 1951ರ ಜೂನ್‌ನಲ್ಲಿ, ಮೊದಲ ತಿದ್ದುಪಡಿ ಬಂದು ಸಾರ್ವಜನಿಕ ಸುವ್ಯವಸ್ಥೆ ಮುಂತಾದ ಕಾರಣಗಳು ಸೇರಿದವು, 'ನ್ಯಾಯೋಚಿತ' ಎಂಬ ಕಟ್ಟುಪಾಡೂ ಸೇರಿತು. ನಮ್ಮ ವೇದಿಕೆಗಳಲ್ಲಿ ಈ ಎರಡು ಪತ್ರಿಕೆಗಳ ಹೆಸರನ್ನು ಒಂದೇ ಉಸಿರಿನಲ್ಲಿ ಹೇಳಿದವರನ್ನು ನಾನು ಇದುವರೆಗೆ ಕೇಳಿಲ್ಲ. ಎಡಗಡೆಯವರು ಮೊದಲಿನದನ್ನು ಹೇಳುತ್ತಾರೆ, ಬಲಗಡೆಯವರು ಎರಡನೆಯದನ್ನು. ಮೈಕ್ ಒಂದೇ.

ಬೇರೆಯವರನ್ನು ಅಳೆದದ್ದಾಯಿತು, ನನ್ನ ತೂಕವನ್ನೂ ಹೇಳಿಬಿಡುತ್ತೇನೆ. 2025ರ ಮೇ ತಿಂಗಳಲ್ಲಿ ಕಮಲ್ ಹಾಸನ್ ಅವರು ಚೆನ್ನೈನಲ್ಲಿ, ಕನ್ನಡ ತಮಿಳಿನಿಂದ ಹುಟ್ಟಿದ್ದು ಎಂಬರ್ಥದ ಮಾತಾಡಿದರು. ಅದು ತಪ್ಪು. ಎರಡೂ ಒಂದೇ ದ್ರಾವಿಡ ಮೂಲದಿಂದ ಬಂದ ಅಕ್ಕತಂಗಿಯರು ಎಂಬುದು ಭಾಷಾಶಾಸ್ತ್ರ ಓದದವರಿಗೂ ಗೊತ್ತಿರುವ ವಿಷಯ. ನನಗೂ ಮೈ ಉರಿಯಿತು. ಪ್ರತಿಭಟನೆಗೆ ಒಂದು ಹಾರ್ನ್ ಕೇಳಿದರು, ಬಾಡಿಗೆಯಿಲ್ಲದೆ ಕೊಟ್ಟೆ. ಅಷ್ಟಕ್ಕೇ ಬಿಡದೆ, ಅವರ ಚಿತ್ರ ಬಿಡುಗಡೆಯಾದರೆ ಥಿಯೇಟರ್ ಉಳಿಯುವುದಿಲ್ಲ ಎಂದು ಒಬ್ಬರು ಕೂಗಿದಾಗ ದನಿ ಏರಿಸಿದೆ. ಆ ಚಿತ್ರ ಕರ್ನಾಟಕದಲ್ಲಿ ನಿಗದಿತ ದಿನ ತೆರೆ ಕಾಣಲಿಲ್ಲ. ಜೂನ್‌ನಲ್ಲಿ ಸುಪ್ರೀಂ ಕೋರ್ಟ್, ಪ್ರಮಾಣಪತ್ರ ಪಡೆದ ಚಿತ್ರ ಬಿಡುಗಡೆಯಾಗುವಂತೆ ನೋಡಿಕೊಳ್ಳುವುದು ಸರ್ಕಾರದ ಕೆಲಸ, ಗುಂಪುಗಳಿಗೆ ಬೀದಿ ಬಿಟ್ಟುಕೊಡಲಾಗದು ಎಂದಿತು. ಗದ್ದಲ ಮಾಡುತ್ತೇವೆ ಎಂದವರನ್ನು ಹಿಡಿಯದೆ ಮಾತನಾಡಿದವರನ್ನು ತಡೆಯಬಾರದು ಎಂಬ ತತ್ವ 1989ರಲ್ಲಿಯೇ, ಒಂದು ತಮಿಳು ಚಿತ್ರದ ಪ್ರಕರಣದಲ್ಲಿ, ಅದೇ ಕೋರ್ಟ್ ಹೇಳಿದ್ದು. ಅವರ ಮಾತನ್ನು ಖಂಡಿಸಿದ್ದು ಸರಿ ಎಂದೇ ಈಗಲೂ ಹೇಳುತ್ತೇನೆ. ಥಿಯೇಟರಿನ ಮಾತಿಗೆ ದನಿ ಏರಿಸಿದ್ದು ತಪ್ಪು. ಮಹಾರಾಷ್ಟ್ರದ ಜತ್ತದಲ್ಲೋ ಅಕ್ಕಲಕೋಟೆಯಲ್ಲೋ ಕನ್ನಡದ ಕಾರ್ಯಕ್ರಮ ನಡೆದರೆ ಪೆಂಡಾಲ್ ಉಳಿಯುವುದಿಲ್ಲ ಎಂದು ಅಲ್ಲಿ ಯಾರಾದರೂ ಕೂಗಿದ್ದರೆ ನಾನೇ ನಿಮಗೆ ಪತ್ರ ಬರೆಯುತ್ತಿದ್ದೆ.

ತಡೆದೂ ತಡೆದಿಲ್ಲ ಎನ್ನುವವರು ಒಂದು ಕಡೆಗಾದರೆ, ತಡೆಯದಿದ್ದರೂ ತಡೆದರು ಎಂದು ಬೊಬ್ಬೆ ಹಾಕುವವರು ಇನ್ನೊಂದು ಕಡೆಗೆ. ಇವರ ಕಾಟ ನನ್ನ ಕಸುಬಿಗೆ ಹೆಚ್ಚು. 2000ನೆಯ ಇಸವಿಯ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಧ್ವನಿವರ್ಧಕ ಹಾಕುವಂತಿಲ್ಲ. ವಸತಿ ಪ್ರದೇಶದಲ್ಲಿ ಹಗಲು 55 ಡೆಸಿಬಲ್ ಮಿತಿ. ಪೇದೆ ಬಂದು ಗಡಿಯಾರ ತೋರಿಸಿದರೆ ವೇದಿಕೆಯ ಮೇಲಿನವರು, ನೋಡಿ, ನಮ್ಮ ಬಾಯಿ ಮುಚ್ಚಿಸಲು ಬಂದಿದ್ದಾರೆ ಎಂದು ಶುರು ಮಾಡುತ್ತಾರೆ. ಜನ ಸಿಳ್ಳೆ ಹಾಕುತ್ತಾರೆ. ಪೇದೆ ಅವರ ಮಾತಿನ ಅರ್ಥಕ್ಕೆ ಬಂದವನಲ್ಲ, ಶಬ್ದಕ್ಕೆ ಬಂದವನು. ಪಕ್ಕದ ಓಣಿಯಲ್ಲಿ ಬಾಣಂತಿ ಇದ್ದಾಳೆ, ಹತ್ತನೆಯ ಇಯತ್ತೆಯ ಮಕ್ಕಳಿದ್ದಾರೆ. ಅದೇ ಮಾತನ್ನು ಬೆಳಿಗ್ಗೆ ಹೇಳಲು ಯಾರ ಅಡ್ಡಿಯೂ ಇಲ್ಲ. ಪೇದೆ ಬಂದದ್ದು ನಿಮ್ಮ ಪೆಂಡಾಲಿಗೆ ಮಾತ್ರ, ಎದುರಿನ ಪೆಂಡಾಲಿಗೆ ಹೋಗಲಿಲ್ಲ ಎಂದಾದರೆ ಆಗ ಹೇಳಿ, ನಾನೂ ಸಿಳ್ಳೆ ಹಾಕುತ್ತೇನೆ. ತಮ್ಮ ಕವನ ಪತ್ರಿಕೆಯಲ್ಲಿ ಬರಲಿಲ್ಲ, ಸಮ್ಮೇಳನಕ್ಕೆ ಕರೆಯಲಿಲ್ಲ ಎಂಬುದನ್ನೂ ಸೆನ್ಸಾರ್ ಎನ್ನುವ ಕವಿಗಳು ನಮ್ಮಲ್ಲಿ ಇದ್ದಾರೆ. ಕರೆಯದಿರುವುದು ಕರೆಯುವವರ ಇಷ್ಟ. ಕರೆದು, ಮೈಕ್ ಮುಂದೆ ನಿಲ್ಲಿಸಿ, ಗುಂಡಿ ಎಳೆಯುವುದು ಬೇರೆ. ಈ ಬೊಬ್ಬೆಯವರಿಂದ ಆಗುವ ನಷ್ಟ ಏನೆಂದರೆ, ಆ ಮುಳುಗಡೆಯ ಹುಡುಗನಂಥವರು ನಿಜವಾಗಿ ದೂರಿದಾಗ ಜನ ಅದನ್ನೂ ಅದೇ ಬುಟ್ಟಿಗೆ ಹಾಕುತ್ತಾರೆ.

ನಮ್ಮ ಸಿಂದಗಿ ತಾಲ್ಲೂಕಿನ ಸಂಶೋಧಕ ಎಂ. ಎಂ. ಕಲಬುರ್ಗಿಯವರ ನೆನಪಿನ ಸಭೆಗಳಿಗೆ ನಾನು ಹಲವು ಸಲ ಮೈಕ್ ಹಾಕಿದ್ದೇನೆ. 2015ರ ಆಗಸ್ಟ್ 30ರ ಬೆಳಿಗ್ಗೆ ಧಾರವಾಡದ ಅವರ ಮನೆಯಲ್ಲಿ ಗುಂಡು ಹಾರಿತಲ್ಲ, ಆ ಮೇಲೆ ಎಲ್ಲ ಸಭೆಗಳಲ್ಲಿಯೂ ಅದೇ ಮಾತು, ಅದೇ ಮೌನಾಚರಣೆ. ನನಗೆ ಮಾತ್ರ ಅದಕ್ಕಿಂತ ಹಿಂದಿನ ಒಂದು ಸಂಗತಿ ಕಾಡುತ್ತದೆ. 1989ರಲ್ಲಿ ಒತ್ತಡಕ್ಕೆ ಮಣಿದು ಅವರು ತಮ್ಮ ಸಂಶೋಧನೆಯ ಕೆಲವು ಮಾತುಗಳನ್ನು ಹಿಂದಕ್ಕೆ ತೆಗೆದುಕೊಂಡರು. ಹೊಸ ದಾಖಲೆ ಸಿಕ್ಕಿತು, ಅಭಿಪ್ರಾಯ ಬದಲಾಯಿತು ಎಂದು ಹೇಳಿಬಿಡುವುದು ಎಷ್ಟು ಸುಲಭವಿತ್ತು. ವಿದ್ವಾಂಸರಿಗೆ ಅದು ನನ್ನ ಫೇಜಿನ ಸುಳ್ಳಿನಷ್ಟೇ ಹತ್ತಿರದ್ದು. ಅವರು ಹಾಗೆ ಹೇಳಲಿಲ್ಲ. ಕುಟುಂಬದ ಜೀವ ಉಳಿಸಲು ಹೀಗೆ ಮಾಡಿದೆ, ಅಂದು ಬೌದ್ಧಿಕ ಆತ್ಮಹತ್ಯೆ ಮಾಡಿಕೊಂಡೆ ಎಂದರು. ಸೋತದ್ದನ್ನು ಸೋಲು ಎಂದೇ ಕರೆದರು. ತಡೆಗೆ ಒಳಗಾದವರು ಇಷ್ಟು ನೆಟ್ಟಗೆ ಮಾತನಾಡಿರುವಾಗ ತಡೆಯುವವರು ಟ್ರಾನ್ಸ್‌ಫಾರ್ಮರ್ ಹಿಂದೆ ಅಡಗುತ್ತಾರೆ.

ಸಭೆಯ ವರದಿ ಬರೆಯುವಾಗ ಭಾಷಣಕಾರರ ಹಿಂದಿನ ನಡೆಯನ್ನೂ ಬರೆಯಿರಿ ಎಂದು ನಿಮ್ಮ ವರದಿಗಾರರಿಗೆ ಹೇಳುವುದಿಲ್ಲ, ಅವರಿಗೆ ಒಂದು ಸಂಜೆಗೆ ಮೂರು ಸಭೆ ಇರುತ್ತವೆ. ಒಂದು ಪ್ರಶ್ನೆ ಕೇಳಲಿ ಸಾಕು: 'ನೀವು ಯಾವಾಗಲಾದರೂ ಯಾರನ್ನಾದರೂ ನಿಲ್ಲಿಸಿದ್ದೀರಾ?' ಇಲ್ಲ ಎಂದರೆ ಇಲ್ಲ ಎಂದು ಅಚ್ಚಾಗಲಿ. ಅಚ್ಚಾದ ಮಾತನ್ನು ಮೈಕಿನವರು ಓದುತ್ತಾರೆ.

ನನ್ನ ಪಾಲಿನದನ್ನು ನಾನು ಮಾಡಿದ್ದೇನೆ. ಹೊಸ ಬಿಲ್ ಪುಸ್ತಕ ಅಚ್ಚು ಹಾಕಿಸುವಾಗ ಹಿಂಬದಿಗೆ ಒಂದು ಸಾಲು ಸೇರಿಸಿದೆ. ಕಾರ್ಯಕ್ರಮದ ನಡುವೆ ಯಾರ ಮೈಕನ್ನಾದರೂ ನಿಲ್ಲಿಸಬೇಕಾದರೆ, ನಿಲ್ಲಿಸಲು ಹೇಳುವವರು ಇಲ್ಲಿ ಹೆಸರು, ಸಮಯ, ಕಾರಣ ಬರೆದು ಸಹಿ ಮಾಡಬೇಕು. ಮುದ್ರಣಾಲಯದವರು ಎರಡು ಸಲ ಓದಿ, ಇದು ಬೇಕೇ ಎಂದು ಕೇಳಿದರು. ಬೇಕು ಎಂದೆ. ಆಮೇಲೆ ಎರಡು ಬಾಡಿಗೆ ತಪ್ಪಿದವು. ಒಂದು ಕಡೆ ಒಬ್ಬರು ಅಂಗೈ ಒತ್ತಿದರು, ನಾನು ಬಿಲ್ ಪುಸ್ತಕ ಮತ್ತು ಪೆನ್ನು ಮುಂದೆ ಹಿಡಿದೆ. ಓದಿದರು, ಪೆನ್ನಿನ ಮುಚ್ಚಳ ತೆಗೆದರು, ಮತ್ತೆ ಹಾಕಿದರು, ಪೆನ್ನು ನನ್ನ ಜೇಬಿಗೆ ಸಿಕ್ಕಿಸಿ ಹೋಗಿ ಕೂತರು. ಭಾಷಣ ಮುಂದುವರಿಯಿತು. ಅಷ್ಟೇನೂ ಒಳ್ಳೆಯ ಭಾಷಣವಲ್ಲ ಅದು, ಇಪ್ಪತ್ತು ನಿಮಿಷ ಹೆಚ್ಚೇ ಆಯಿತು.

ನನ್ನ ಹೆಸರು, ವಿಳಾಸ, ಮೊಬೈಲ್ ಸಂಖ್ಯೆ ಲಕೋಟೆಯೊಳಗೆ ಬೇರೆ ಹಾಳೆಯಲ್ಲಿವೆ. ಸಹಿ ಬೇಕು ಎನ್ನುವವನು ತನ್ನ ಹೆಸರನ್ನೇ ಮುಚ್ಚಿಡುತ್ತಾನಲ್ಲ ಎಂದು ನೀವು ನಗಬಹುದು. ಅಚ್ಚು ಹಾಕುವುದಾದರೆ ಹಾಕಿ, ನಾನು ಬೇಡ ಎನ್ನುವುದಿಲ್ಲ. ಪತ್ರ ಉದ್ದವಾಯಿತು. ಎಲ್ಲಿ ಬೇಕಾದರೂ ಕತ್ತರಿಸಿ, ಜಾಗ ನಿಮ್ಮದು, ನಾನು ಅದನ್ನು ಸೆನ್ಸಾರ್ ಎಂದು ಕರೆಯುವುದಿಲ್ಲ. ಒಂದು ಸಾಲು ಮಾತ್ರ ಉಳಿಸಿ. ಆ ಹುಡುಗ ಯಾವ ಪತ್ರಿಕೆ ಓದುತ್ತಾನೆ ಎಂಬುದು ನನಗೆ ಗೊತ್ತಿಲ್ಲ, ಅವನ ಕಾಲೇಜಿನ ಓದುವ ಕೋಣೆಗೆ ನಿಮ್ಮದು ಬರುತ್ತದೆ ಎಂದು ಕೇಳಿದ್ದೇನೆ.

ತಮ್ಮಾ, ಆ ರಾತ್ರಿ ಫೇಜ್ ಹೋಗಿರಲಿಲ್ಲ. ಗುಂಡಿ ಎಳೆದವನು ನಾನು.

— ಮೈಕ್ ಸೆಟ್ ಬಾಡಿಗೆಯವ, ವಿಜಯಪುರ